ಅಂಚು ಸೀಳದ ಪ್ರತಿ

ಬೀದಿದೀಪ ಸಾಹೇಬರಿಗೆ ಸಿಟ್ಟು ಬರಲು ಇಂಥದೇ ಕಾರಣ ಬೇಕೆಂದೇನೂ ಇರಲಿಲ್ಲ. ಬಸ್ಸು ತಡವಾಗಿ ಬಂದರೂ ಬರುತ್ತಿತ್ತು, ಅವರು ನಿಲ್ದಾಣಕ್ಕೆ ಬರುವ ಮೊದಲೇ ಹೊರಟುಹೋದರೂ ಬರುತ್ತಿತ್ತು. ಆದರೆ ಅವರ ಮನೆಯಲ್ಲಿ ಯಾರಾದರೂ ಒಂದು ಪುಸ್ತಕ ತೆರೆದು ಓದಲು ಹೊರಟರೆ ಬರುತ್ತಿದ್ದ ಸಿಟ್ಟಿನ ಸೊಗಸೇ ಬೇರೆ.

ನಗರಸಭೆಯ ಬೀದಿದೀಪ ವಿಭಾಗಕ್ಕೆ ಅವರು ಮುಖ್ಯಸ್ಥರು. ಹಾಗಾಗಿ ಬೀದಿಯವರೆಲ್ಲ ಅವರನ್ನು ಬೀದಿದೀಪ ಸಾಹೇಬರು ಎಂದೇ ಕರೆಯುತ್ತಿದ್ದರು. ಇದೂ ಅವರಿಗೆ ಸಿಟ್ಟು ತರಿಸುವ ಸಂಗತಿಯೇ. ಯಾಕೆಂದರೆ ಸ್ವತಃ ತಮ್ಮ ಲೆಕ್ಕದಲ್ಲಿ ಅವರು ನವ್ಯಕಾವ್ಯದ ಮೊದಲ ಮುದ್ರಣಗಳ ಸಂಗ್ರಾಹಕರು. ಹೊಟ್ಟೆಪಾಡಿಗೆ ದೀಪ, ಆತ್ಮಕ್ಕೆ ಮೊದಲ ಮುದ್ರಣ. ನಡುಮನೆಯಲ್ಲಿ ಗಾಜಿನ ಬಾಗಿಲಿನ ಬೀರು, ಬೀರುವಿನಲ್ಲಿ ಸಾಲು ಸಾಲಾಗಿ ತೆಳ್ಳನೆಯ ಪುಸ್ತಕಗಳು, ಮೂಲೆಮೂಲೆಗೂ ನುಸಿಗುಳಿಗೆ. ಬೀರುವಿನ ಕೀಲಿಕೈ ಸಾಹೇಬರ ಬನಿಯನ್ನಿನ ಒಳಗೆ ಪಿನ್ನಿನಲ್ಲಿ ಸಿಕ್ಕಿಸಿಕೊಂಡಿರುತ್ತಿತ್ತು. ಮನೆಗೆ ಬಂದವರು ಗಾಜಿನ ಹೊರಗೆ ನಿಂತು ನೋಡಬಹುದು, ಗಾಜಿಗೆ ಉಸಿರು ತಾಗಬಾರದು.

"ಓದೋದಕ್ಕಲ್ಲವೇ ಪುಸ್ತಕ?" ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು.

"ಓದಬೇಕಾದರೆ ಗ್ರಂಥಾಲಯಕ್ಕೆ ಹೋಗು. ಇದು ಸಂಗ್ರಹ," ಎಂದು ಸಾಹೇಬರು ಹೇಳಿದ್ದರು. ಆ ಪ್ರಶ್ನೆಯನ್ನು ಅವರು ಇನ್ನೂ ಕ್ಷಮಿಸಿರಲಿಲ್ಲ.

ಸಂಗ್ರಹದ ಕಣ್ಮಣಿ ಒಂದು ಕವನ ಸಂಕಲನ. ತೆಳ್ಳಗೆ, ಬೂದುಬಣ್ಣದ ರಟ್ಟು. ಅದು ಸಿಕ್ಕಿದ್ದು ರದ್ದಿ ಅಂಗಡಿಯಲ್ಲಿ, ಹಳೆಯ ರೈಲ್ವೆ ವೇಳಾಪಟ್ಟಿಗಳ ಅಡಿಯಲ್ಲಿ. ಅದರ ಹೆಚ್ಚುಗಾರಿಕೆ ಏನೆಂದರೆ ಅದರ ಅಂಚು ಸೀಳಿರಲಿಲ್ಲ. ಆ ಕಾಲದಲ್ಲಿ ದೊಡ್ಡ ಹಾಳೆಗೆ ಅಚ್ಚು ಹಾಕಿ, ಮಡಚಿ, ಹೊಲಿದು, ಹಾಗೆಯೇ ಮಾರುತ್ತಿದ್ದ ಪುಸ್ತಕಗಳೂ ಇದ್ದವು; ಮಡಿಕೆಯ ಅಂಚನ್ನು ಓದುವವನೇ ಚಾಕುವಿನಿಂದ ಬಿಡಿಸಿಕೊಳ್ಳಬೇಕು. ಬಿಡಿಸದಿದ್ದರೆ ಪ್ರತಿ ನಾಲ್ಕು ಪುಟದಲ್ಲಿ ಎರಡು ಮಡಿಕೆಯ ಒಳಗೇ ಮುಚ್ಚಿರುತ್ತವೆ. ಅಂಚು ಸೀಳದ ಪ್ರತಿ ಎಂದರೆ ಯಾರೂ ಓದದ ಪ್ರತಿ, ಮತ್ತು ಯಾರೂ ಓದಿಲ್ಲ ಎಂಬುದೇ ಅದರ ಮರ್ಯಾದೆ. ಕವಿಗೆ ಇದು ಹೇಗೆ ತೋರುತ್ತದೋ ನಮಗೆ ತಿಳಿಯದು. ಸಂಗ್ರಾಹಕರಿಗೆ ಮಾತ್ರ ಇದರಿಂದ ಮೈ ಜುಮ್ಮೆನ್ನುತ್ತದೆ.

ಮಡಿಕೆಯ ಹೊರಗೆ ಕಾಣುವ ಪುಟಗಳನ್ನಷ್ಟೇ ಸಾಹೇಬರು ನೋಡಿದ್ದರು. ಕವಿತೆಯೊಂದು ಶುರುವಾಗಿ ಮಡಿಕೆಯೊಳಗೆ ನುಸುಳಿಹೋಗುತ್ತಿತ್ತು; ಹೊರಗೆ ಬರುವಾಗ ಅದು ಬೇರೆಯೇ ಕವಿತೆಯಾಗಿರುತ್ತಿತ್ತು. ಇಷ್ಟರ ಆಧಾರದ ಮೇಲೆ ಅವರು ಆ ಸಂಕಲನದ ಕುರಿತು ಮುಕ್ಕಾಲು ಗಂಟೆ ಭಾಷಣ ಮಾಡಿದ್ದೂ ಉಂಟು. "ಇದರಲ್ಲಿ ಕವಿ ಹೇಳಿದ್ದು ಅಲ್ಪ, ಹೇಳದೆ ಬಿಟ್ಟದ್ದೇ ಅಪಾರ. ಈ ಪುಸ್ತಕದ ಜೀವಾಳ ಅದರ ಮೌನ," ಎಂದು ಅಂದು ಅವರು ಹೇಳಿದಾಗ ಸಭೆ ತಲೆದೂಗಿತ್ತು.

ಸಭೆ ಎಂದರೆ ಮೊದಲ ಮುದ್ರಣ ಬಳಗ. ಸದಸ್ಯರು ಐದಾರು ಜನ. ತಿಂಗಳಿಗೊಮ್ಮೆ ಅಧ್ಯಕ್ಷರ ದವಾಖಾನೆಯ ಹೊರಕೋಣೆಯಲ್ಲಿ, ಹಲ್ಲುಜ್ಜುವ ಸರಿಯಾದ ಕ್ರಮ ತೋರಿಸುವ ಚಿತ್ರದ ಕೆಳಗೆ, ಕೂಡುತ್ತಿದ್ದರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಅಲ್ಲಿ ಕಾಗದದ ಮಾತು, ಹೊಲಿಗೆಯ ಮಾತು, ರಟ್ಟಿನ ಮಾತು ನಡೆಯುತ್ತಿತ್ತು. ಕವಿತೆಯ ಮಾತು ತೆಗೆದ ಒಬ್ಬ ಸದಸ್ಯರನ್ನು ಮುಂದಿನ ಸಲದಿಂದ ಕರೆಯುವುದನ್ನೇ ಬಿಟ್ಟರು.

ಕಳೆದ ಸಭೆಯಲ್ಲಿ ಸಾಹೇಬರು ತಮ್ಮ ಬೂದುರಟ್ಟು ಅಂಚು ಸೀಳದ್ದೆಂಬ ವಿಷಯ ಮೊದಲ ಸಲ ಬಾಯಿಬಿಟ್ಟರು. ಡಾಕ್ಟರು ನಕ್ಕರು.

"ಅಂಚು ಸೀಳದ್ದು ಆ ಸಂಕಲನದಲ್ಲಿ ಒಂದೂ ಉಳಿದಿಲ್ಲ. ಇದ್ದಿದ್ರೆ ನನ್ನ ಹತ್ರ ಇರ್ತಿತ್ತು."

"ಅಂದ್ರೆ ನಾನು ಸುಳ್ಳು ಹೇಳ್ತಿದೀನಿ ಅಂತಲೋ?"

"ಸುಳ್ಳು ಅಂತ ನಾನೆಲ್ಲಿ ಅಂದೆ? ದೀಪದ ಕೆಲಸದವರು, ಕಣ್ಣು ಸ್ವಲ್ಪ ಮಂಜಾಗಿರಬಹುದು ಅಂದೆ."

ಸಾಹೇಬರ ಮೈ ಉರಿದುಹೋಯಿತು. ಎಲ್ಲರ ಮುಂದೆ ಎದ್ದು ನಿಂತು, "ಬರೋ ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ. ಅಂಚು ಸೀಳದ ಪ್ರತಿ ತೋರಿಸದಿದ್ರೆ ನನ್ನ ಬೀರುವಿನ ಕೀಲಿಕೈ ಬಿಚ್ಚಿ ನಿಮ್ಮ ಕೈಗೆ ಕೊಡ್ತೀನಿ. ಇಡೀ ಸಂಗ್ರಹ ನಿಮ್ಮದು," ಎಂದುಬಿಟ್ಟರು. ಹೇಳಿ ಮುಗಿಯುವಷ್ಟರಲ್ಲಿ ಡಾಕ್ಟರು ಕೈಚಾಚಿ ಅವರ ಕೈಕುಲುಕಿಯಾಗಿತ್ತು.

ಇದೇ ಹೊತ್ತಿಗೆ ಸಾಹೇಬರ ಹೆಂಡತಿಯ ಅಣ್ಣ ಮನೆಗೆ ಬಂದು ಠಿಕಾಣಿ ಹೂಡಿದ್ದರು. ಬಂದದ್ದು ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಲು, ಅದೂ ಇದೇ ಡಾಕ್ಟರ ಹತ್ತಿರ. ಸಾಹೇಬರೂ ಅವರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಈ ಭಾವ ಸಾಮಾನ್ಯರಲ್ಲ. ಕೊಂಡ ವಸ್ತುವನ್ನು ಅಂಗಡಿಗೆ ವಾಪಸು ಕೊಡುವುದರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಅರ್ಧ ಸವೆದ ಸೋಪು ನೊರೆ ಕೊಡುವುದಿಲ್ಲವೆಂದು ಬದಲಾಯಿಸಿ ತಂದಿದ್ದರು. ಮೂರು ಮಳೆಗಾಲ ಕಂಡ ಕೊಡೆಯನ್ನು ಕೊಟ್ಟು ಹೊಸ ಕೊಡೆ ತಂದಿದ್ದರು. ಡಾಕ್ಟರು ಕಟ್ಟಿಕೊಟ್ಟ ಹಲ್ಲಿನ ಸೆಟ್ಟೂ ಎಡಗಡೆ ಕಚ್ಚುತ್ತದೆಂದು ಎರಡು ಸಲ ವಾಪಸಾಗಿತ್ತು. ಭಾವನ ಚಪ್ಪಲಿ ಸದ್ದು ಕೇಳಿದರೆ ದವಾಖಾನೆಯ ಹಿಂಬಾಗಿಲು ತೆರೆದುಕೊಳ್ಳುತ್ತಿತ್ತಂತೆ.

ಶನಿವಾರ ಬೆಳಿಗ್ಗೆ ಸಾಹೇಬರು ಹೊಸ ಬನಿಯನ್ ತೊಟ್ಟು ಕಚೇರಿಗೆ ಹೋದರು. ಹಳೆಯ ಬನಿಯನ್ ಒಗೆಯುವ ಬಕೆಟ್ಟಿಗೆ ಬಿತ್ತು. ಅದರಲ್ಲಿ ಪಿನ್ನು, ಪಿನ್ನಿನಲ್ಲಿ ಕೀಲಿಕೈ. ಹೆಂಡತಿ ಅದನ್ನು ತೆಗೆದು ಒರೆಸಿ ಮೇಜಿನ ಮೇಲಿಟ್ಟಳು. ಭಾವನಿಗೆ ಅಂದು ಜಗಳವಾಡಲು ಯಾರೂ ಇರಲಿಲ್ಲ. ಹೊತ್ತು ಹೋಗದೆ ಬೀರು ತೆರೆದು, ಕೈಗೆ ಸಿಕ್ಕಿದ ಬೂದುರಟ್ಟಿನ ಪುಸ್ತಕ ಹಿಡಿದು ಕುಳಿತರು. ಒಂದು ಪುಟ ಓದಿದರು. ಮುಂದಿನ ಹಾಳೆ ಬಿಡಿಸಲು ಹೋದರೆ ಅಂಚು ಬಿಚ್ಚಲೊಲ್ಲದು. ಅದರ ಮುಂದಿನದೂ ಅಷ್ಟೇ.

"ತಂಗೀ, ಇಲ್ಲಿ ಬಾ. ನಿನ್ನ ಗಂಡನಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ. ಪುಸ್ತಕ ಪೂರ್ತಿ ಅಂಟಿಕೊಂಡಿದೆ, ನೋಡು."

"ಅದನ್ನ ಮುಟ್ಟಬೇಡಣ್ಣ, ಅವರಿಗೆ ಸಿಟ್ಟು ಬರುತ್ತೆ."

"ಬರದೆ ಏನು? ಪಾಪ, ಬಾಯಿಲ್ಲದ ಮನುಷ್ಯ. ಕೇಳೋಕೆ ನಾಚಿಕೆ, ಅದಕ್ಕೇ ಬೀರುವಿನಲ್ಲಿ ಇಟ್ಟು ಬೀಗ ಹಾಕ್ಕೊಂಡು ಕೂತಿದಾನೆ." ಭಾವನ ಕಣ್ಣು ತೇವವಾಯಿತು. ಹತ್ತು ದಿನದಿಂದ ತಂಗಿಯ ಮನೆಯಲ್ಲಿ ಉಂಡ ಋಣ ಅವರ ಎದೆಯಲ್ಲಿ ಕುದಿಯುತ್ತಿತ್ತು. ತೀರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದುಂಟೆ?

ಶೀರ್ಷಿಕೆ ಪುಟದಲ್ಲಿ ಪ್ರಕಾಶಕರ ಹೆಸರಿತ್ತು, ಪೇಟೆಬೀದಿಯ ವಿಳಾಸವಿತ್ತು. ಅಂಗಡಿ ಈಗಲೂ ಅಲ್ಲೇ ಇತ್ತು. ಈಗ ಅಲ್ಲಿ ನೋಟುಪುಸ್ತಕ, ಪರೀಕ್ಷೆಯ ಗೈಡು ಹೆಚ್ಚು ಮಾರಾಟ; ಮೊದಲ ಮಾಲೀಕರ ಮೊಮ್ಮಗಳು ಗಲ್ಲಾದ ಮೇಲೆ ಕೂತಿದ್ದಳು. ಭಾವ ಪುಸ್ತಕವನ್ನು ಅವಳ ಮುಂದೆ ಇಟ್ಟ ರಭಸಕ್ಕೆ ಪೆನ್ನುಗಳ ಡಬ್ಬಿ ಉರುಳಿತು.

"ಇದೇನಮ್ಮ, ಪುಸ್ತಕವೋ ಲಕೋಟೆಯೋ?"

ಅವಳು ತಿರುಗಿಸಿ ನೋಡಿ, "ಇದು ನಮ್ಮ ತಾತನ ಕಾಲದ್ದು ಕಣ್ರೀ. ಯಾವಾಗ ತಗೊಂಡಿದ್ದು?" ಎಂದಳು.

"ಯಾವಾಗ ತಗೊಂಡ್ರೇನು? ಐವತ್ತು ವರ್ಷ ಆಯ್ತು ಅಂತ ಹಾಳೆ ತಾನಾಗೇ ಬಿಚ್ಚಿಕೊಳ್ಳುತ್ತಾ? ಒಂದು ಪುಟ ಓದಬೇಕು, ಎರಡು ಪುಟ ಊಹೆ ಮಾಡ್ಕೋಬೇಕು. ಇದಕ್ಕೆ ನಿಮ್ಮ ತಾತ ಅರ್ಧ ಬೆಲೆ ತಗೊಂಡಿದ್ರಾ? ಪೂರ್ತಿ ತಗೊಂಡಿದಾರೆ."

ಜನ ಸೇರಿದರು. ಗೈಡು ಕೊಳ್ಳಲು ಬಂದವರು, ಪಕ್ಕದ ಪಾತ್ರೆ ಅಂಗಡಿಯವರು, ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವರು ಎಲ್ಲರೂ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ, ಅಂಚಿಗೆ ಬೆರಳು ತಾಗಿಸಿ, "ಹೌದು, ಅಂಟಿದೆ," ಎಂದು ಒಕ್ಕೊರಲಿನಿಂದ ತೀರ್ಪುಕೊಟ್ಟರು. ಅರ್ಧ ಗಂಟೆಯಲ್ಲಿ ಮೊಮ್ಮಗಳು ಸೋತಳು. ಅದೇ ಸಂಕಲನದ ಹೊಸ ಮುದ್ರಣ, ಹೊಳೆಯುವ ಬಣ್ಣದ ರಟ್ಟಿನದು, ತೆಗೆದುಕೊಟ್ಟಳು. ಜೊತೆಗೆ ಒಂದು ಪೆನ್ನು, ಒಂದು ಕ್ಯಾಲೆಂಡರು ಮತ್ತು ತಾತನ ಪರವಾಗಿ ಕ್ಷಮಾಪಣೆ.

ಸಾಹೇಬರು ಮಧ್ಯಾಹ್ನ ಮನೆಗೆ ಬಂದಾಗ ಭಾವ ಬಾಗಿಲಲ್ಲೇ ನಿಂತಿದ್ದರು.

"ಭಾವ, ಕಣ್ಣು ಮುಚ್ಚಿ, ಕೈ ಚಾಚಿ."

ಸಾಹೇಬರು ಹಾಗೇ ಮಾಡಿದರು. ಕೈಗೆ ಏನೋ ನುಣುಪಾದದ್ದು ಬಿತ್ತು. ಕಣ್ಣು ಬಿಟ್ಟರು. ಭಾವ ನಡೆದದ್ದನ್ನೆಲ್ಲ ಮೊದಲಿನಿಂದ, ಎರಡು ದನಿಗಳಲ್ಲಿ, ಅಂಚೆಯವರ ಮಾತನ್ನೂ ಬಿಡದೆ, ಅಭಿನಯಿಸಿ ತೋರಿಸಿದರು. ಸಾಹೇಬರು ಕೇಳುತ್ತ ಕೇಳುತ್ತ ಗೋಡೆ ಹಿಡಿದುಕೊಂಡು ಕುಸಿದರು.

"ನೋಡೇ, ಸಂತೋಷಕ್ಕೆ ಕಾಲೇ ನಿಲ್ತಿಲ್ಲ," ಎಂದರು ಭಾವ ತಂಗಿಗೆ.

ಅಷ್ಟರಲ್ಲಿ ಎದುರು ಮನೆಯಾಕೆ ಬಂದು, "ಸಾಹೇಬ್ರೇ, ನಮ್ಮ ಮನೆ ಮುಂದಿನ ದೀಪ ಉರೀತಿಲ್ಲ," ಎಂದಳು.

"ನನ್ನ ಮನೆಯೇ ಉರೀತಿದೆ ಕಣಮ್ಮ," ಎಂದು ಸಾಹೇಬರು ಎದ್ದು, ಭಾವನ ರಟ್ಟೆ ಹಿಡಿದು ಪೇಟೆಬೀದಿಯ ಕಡೆ ಓಡಿದರು.

ಓಡುವಾಗಲೇ ಅವರಿಗೆ ಒಂದು ಸಂಗತಿ ಹೊಳೆಯಿತು. ಪುಸ್ತಕದ ಯೋಗ್ಯತೆ ಹೇಳಿದರೆ ಅಂಗಡಿಯವಳು ಕೊಡುವುದಿಲ್ಲ. ಹೇಳದಿದ್ದರೆ ಯಾಕೆ ಬೇಕೆಂದು ಹೇಳುವುದು? ಅಂಗಡಿ ಹೊಕ್ಕವರೇ ಸಾಹೇಬರು ಆದಷ್ಟು ನಿರ್ಲಕ್ಷ್ಯದ ಮುಖ ಮಾಡಿ, "ಬೆಳಿಗ್ಗೆ ಕೊಟ್ಟ ಪುಸ್ತಕ ವಾಪಸು ಬೇಕಿತ್ತು," ಎಂದರು.

"ಅಂಟಿದ್ದೇ?"

"ಹೂಂ. ನನಗೆ ಅಂಟಿದ್ದೇ ಇಷ್ಟ."

"ಕೊಡಬೇಡಮ್ಮ," ಎಂದರು ಹಿಂದಿನಿಂದ ಭಾವ. "ಇವರದು ಮೆದು ಸ್ವಭಾವ. ನಿಮಗೆ ನಷ್ಟ ಆಯ್ತಲ್ಲ ಅಂತ ಮರುಕ. ಭಾವ, ಇದೇ ನಿಮ್ಮ ತಪ್ಪು. ಹೀಗೆ ಬಿಟ್ಟುಕೊಟ್ಟೂ ಕೊಟ್ಟೂ ಜನ ತಲೆ ಮೇಲೆ ಕೂತಿದಾರೆ."

"ನೀವು ಸುಮ್ಮನಿರಿ ಭಾವ. ನೋಡಮ್ಮ, ಎಲ್ಲಾ ಪುಟ ತೆರೆದಿದ್ರೆ ಎಲ್ಲಾ ಒಂದೇ ಸಲ ಓದಿಬಿಡ್ತೀನಿ. ಕಣ್ಣಿಗೆ ಆಗಲ್ಲ. ಡಾಕ್ಟ್ರು ಬೇಡ ಅಂದಿದಾರೆ."

"ಯಾವ ಡಾಕ್ಟ್ರು?"

"ಹಲ್ಲಿನ ಡಾಕ್ಟ್ರು," ಎಂದು ಸಾಹೇಬರ ಬಾಯಿಂದ ಬಂದುಬಿಟ್ಟಿತು.

ಮೊಮ್ಮಗಳು ಅವರನ್ನೂ ಭಾವನನ್ನೂ ಒಮ್ಮೆ ನೋಡಿ, ತನಗೂ ಮಾನ ಮರ್ಯಾದೆ ಇದೆ ಎಂಬಂತೆ ನೆಟ್ಟಗೆ ಕೂತಳು. "ಬೆಳಿಗ್ಗೆ ಒಬ್ರು ಬಂದು ಇದು ಕಸ ಅಂತ ಊರು ಒಂದು ಮಾಡಿದ್ರು. ಈಗ ಒಬ್ರು ಬಂದು ಕಸಾನೇ ಬೇಕು ಅಂತೀರಿ. ನಮ್ಮ ತಾತನ ಅಂಗಡಿಯಿಂದ ಕೆಟ್ಟ ಮಾಲು ಹೊರಗೆ ಹೋಯ್ತು ಅಂದ್ರೆ ನಾನು ಸುಮ್ನಿರ್ತೀನಾ? ಸರಿಮಾಡೋಕೆ ಆಗಲೇ ಒಳಗೆ ಬೈಂಡರಿಗೆ ಕೊಟ್ಟಾಯ್ತು."

ಸಾಹೇಬರು ಕೇಳದೆ ಗಲ್ಲಾ ದಾಟಿ ಒಳಗೆ ನುಗ್ಗಿದರು. ಒಳಕೋಣೆಯಲ್ಲಿ ಅಂಟಿನ ವಾಸನೆ, ನೆಲದ ತುಂಬ ಕಾಗದದ ಚೂರು. ಬೈಂಡರು ಕಟಿಂಗ್ ಯಂತ್ರದ ಹಿಡಿಯಿಂದ ಆಗತಾನೇ ಕೈ ತೆಗೆಯುತ್ತಿದ್ದ. ಯಂತ್ರದ ಬಾಯಲ್ಲಿ ಬೂದುರಟ್ಟಿನ ಪುಸ್ತಕ, ಮೂರು ಕಡೆಯೂ ಅಂಚು ಕತ್ತರಿಸಿಕೊಂಡು, ಮೊದಲಿಗಿಂತ ಒಂದು ಬೆರಳು ಚಿಕ್ಕದಾಗಿ ಮಲಗಿತ್ತು. ಬೈಂಡರು ಅದನ್ನು ತೆಗೆದು, ಊದಿ, ದಪ್ಪ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿ, ಸಾಹೇಬರ ಕೈಗೆ ಕೊಟ್ಟ.

"ಇನ್ನು ನೂರು ವರ್ಷ ಏನೂ ಆಗಲ್ಲ ಸಾರ್," ಎಂದ.

ಸಾಹೇಬರು ಬಯ್ಯಲು ಹೊರಟರೆ ಸಿಟ್ಟೇ ಬರಲಿಲ್ಲ. ಇಷ್ಟು ವರ್ಷದಲ್ಲಿ ಅವರಿಗೆ ಸಿಟ್ಟು ಕೈಕೊಟ್ಟದ್ದು ಅದೇ ಮೊದಲು. ಮಗುವಿನಂತೆ ಸಾಕಿದ ಪುಸ್ತಕ ಕೈಯಲ್ಲಿ ಹಗುರವಾಗಿತ್ತು, ಅವರಿಗೆ ನಿಜವಾಗಿ ಅಳು ಬಂತು.

"ದುಡ್ಡೇನೂ ಬೇಡ," ಎಂದಳು ಹೊರಗೆ ಮೊಮ್ಮಗಳು. "ಎರಡೂ ನೀವೇ ಇಟ್ಕೊಳ್ಳಿ. ಆದ್ರೆ ಈ ಹಿರಿಯರನ್ನ ಇನ್ನೊಂದು ಸಲ ನಮ್ಮ ಅಂಗಡಿಗೆ ಕರ್ಕೊಂಡು ಬರಬೇಡಿ."

"ಒಂದು ಕೊಟ್ಟು ಎರಡು ತಂದ್ವಿ," ಎಂದು ಭಾವ ದಾರಿಯುದ್ದಕ್ಕೂ ಹೇಳುತ್ತ ಬಂದರು.

ಭಾನುವಾರ ಬೆಳಿಗ್ಗೆ ಡಾಕ್ಟರು ಬಂದರು. ಬಿಳಿ ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು, ಬಳಗದ ಇನ್ನಿಬ್ಬರು ಸದಸ್ಯರನ್ನು ಸಾಕ್ಷಿಗೆ ಕರೆದುಕೊಂಡು ಬಂದರು. ಕೀಲಿಕೈ ಇಟ್ಟುಕೊಳ್ಳಲು ಒಂದು ಪುಟ್ಟ ಡಬ್ಬಿಯನ್ನೂ ತಂದಿದ್ದರು. ಬಾಗಿಲು ತೆರೆದವರು ಭಾವ. ಡಾಕ್ಟರ ಮುಖ ಹುಳ್ಳಗಾಯಿತು.

"ಡಾಕ್ಟ್ರೇ, ಒಳ್ಳೆ ಹೊತ್ತಿಗೆ ಬಂದ್ರಿ. ಎಡಗಡೆ ಇನ್ನೂ ಕಚ್ಚುತ್ತೆ."

"ಇವತ್ತು ಭಾನುವಾರ," ಎಂದು ಡಾಕ್ಟರು ಅವರನ್ನು ದಾಟಿ ಒಳಗೆ ಬಂದರು. ಹೆಂಡತಿ ಕಿಟಕಿಯ ಪಕ್ಕ ಕೂತು ಹೊಸ ಮುದ್ರಣ ಓದುತ್ತಿದ್ದಳು. ನಿನ್ನೆ ಮಧ್ಯಾಹ್ನದಿಂದ ಅದನ್ನು ಕೈಬಿಟ್ಟಿರಲಿಲ್ಲ. ಸಾಹೇಬರು ಪ್ಲಾಸ್ಟಿಕ್ ಹೊದಿಕೆಯ ಪುಸ್ತಕವನ್ನು ಮೇಜಿನ ಮೇಲಿಟ್ಟು ತಲೆತಗ್ಗಿಸಿ ನಿಂತರು.

ಡಾಕ್ಟರು ಭೂತಗನ್ನಡಿ ಎತ್ತಲೂ ಇಲ್ಲ. "ಮೂರೂ ಕಡೆ ಕತ್ತರಿಸಿದೆ. ಪ್ಲಾಸ್ಟಿಕ್ ಬೇರೆ. ಸಾಹೇಬ್ರೇ, ಕೀಲಿಕೈ."

"ನಿನ್ನೆ ಬೆಳಗಿನವರೆಗೂ ಸೀಳಿರಲಿಲ್ಲ ಡಾಕ್ಟ್ರೇ. ನನ್ನಾಣೆ."

"ಅದಕ್ಕೆ ನಾನು ಸಾಕ್ಷಿ," ಎಂದರು ಭಾವ. "ಅಂಟಿದೆ ಅಂತಲೇ ಅಲ್ವಾ ನಾನು ಅರ್ಧ ಗಂಟೆ ಜಗಳ ಆಡಿದ್ದು? ಇಡೀ ಪೇಟೆಬೀದಿ ನೋಡಿದೆ. ಅಂಚೆಯವರನ್ನ ಕರೆಸ್ಲಾ?"

"ನಿಮ್ಮ ಸಾಕ್ಷಿ ಬೇಡ. ಮನೆಯವರ ಸಾಕ್ಷಿ ನಡೆಯಲ್ಲ. ಯಾರೋ ಎಂದೋ ಸೀಳಿ ಓದಿದ ಮಾಮೂಲಿ ಪ್ರತಿ ಇದು. ನಿನ್ನೆ ಕತ್ತರಿಸಿ ನಾಟಕ ಮಾಡ್ತಿದೀರಿ. ಕೊಡಿ ಕೀಲಿಕೈ."

ಸಾಹೇಬರ ಕೈ ಬನಿಯನ್ನಿನೊಳಗೆ ಹೋಯಿತು. ಪಿನ್ನು ಬಿಚ್ಚಿದರು. ಡಾಕ್ಟರು ಡಬ್ಬಿಯ ಮುಚ್ಚಳ ತೆಗೆದು ಹಿಡಿದು, ಇನ್ನೊಂದು ಕೈಯಿಂದ ಗೆದ್ದವರ ಉದಾಸೀನದಲ್ಲಿ ಪುಸ್ತಕದ ಹಾಳೆ ತಿರುವಿದರು. ಮೊದಲ ಪುಟದಲ್ಲಿ ಕವಿತೆಯಿತ್ತು. ಎರಡನೆಯದು ಖಾಲಿ. ಮೂರನೆಯದು ಖಾಲಿ. ನಾಲ್ಕರಲ್ಲಿ ಕವಿತೆ, ಐದರಲ್ಲಿ ಕವಿತೆ, ಆರು ಏಳು ಬಿಳಿ ಹಾಳೆ. ಸರಸರನೆ ಕೊನೆಯವರೆಗೂ ತಿರುವಿದರು. ಮಡಿಕೆಯ ಒಳಗಿದ್ದ ಪುಟಗಳಲ್ಲಿ ಒಂದಕ್ಷರವೂ ಇರಲಿಲ್ಲ. ಅಚ್ಚಿನವರು ಹಾಳೆಯ ಒಂದು ಬದಿಗೆ ಅಚ್ಚು ಹಾಕಿ, ಇನ್ನೊಂದು ಬದಿ ಮರೆತು, ಹಾಗೇ ಮಡಚಿ ಹೊಲಿದು ಕಳಿಸಿಬಿಟ್ಟಿದ್ದರು.

ಈ ಪುಸ್ತಕದ ಜೀವಾಳ ಮೌನ ಎಂದು ತಲೆದೂಗಿದ್ದ ಇಬ್ಬರು ಸದಸ್ಯರು ಸೂರು ನೋಡಿದರು.

ಸಾಹೇಬರಿಗೆ ಸಿಟ್ಟು ಬಂತು. "ಇಷ್ಟು ವರ್ಷ ನಾನು ಬಿಳಿ ಕಾಗದಕ್ಕೆ ನುಸಿಗುಳಿಗೆ ಹಾಕಿದೆನಲ್ಲ," ಎಂದರು.

"ನಾನು ನಿನ್ನೆಯೇ ಹೇಳಲಿಲ್ವಾ, ಕೆಟ್ಟ ಮಾಲು ಅಂತ?" ಎಂದು ಭಾವ ಮುಂದೆ ಬಂದರು. ಆಮೇಲೆ ಏನೋ ಹೊಳೆದು ಡಾಕ್ಟರ ಕಡೆ ತಿರುಗಿದರು. "ತಾಳಿ ಡಾಕ್ಟ್ರೇ. ಯಾರೋ ಎಂದೋ ಸೀಳಿ ಓದಿದಾರೆ ಅಂದ್ರಲ್ಲ. ಸೀಳಿದ್ರೆ ಏನು ಕಾಣ್ತಿತ್ತು?"

"ಖಾಲಿ ಪುಟ."

"ದುಡ್ಡು ಕೊಟ್ಟು ತಗೊಂಡವನಿಗೆ ಅರ್ಧ ಪುಸ್ತಕ ಖಾಲಿ ಕಂಡ್ರೆ ಏನು ಮಾಡ್ತಾನೆ? ಅವತ್ತೇ ಹೋಗಿ ಅಂಗಡಿಯವನ ಮುಖಕ್ಕೆ ಎಸೆದು ಬೇರೆ ತರ್ತಾನೋ ಇಲ್ವೋ? ಯಾರೂ ವಾಪಸು ಕೊಟ್ಟಿಲ್ಲ. ಐವತ್ತು ವರ್ಷ ಹಾಗೇ ಉಳಿದಿದೆ. ಅಂದ್ರೆ ಏನರ್ಥ? ನಿನ್ನೆವರೆಗೂ ಇದನ್ನ ಒಬ್ಬನೂ ಸೀಳಿಲ್ಲ."

ಡಾಕ್ಟರು ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿ ನೋಡಿದರು. ಸಾಕ್ಷಿಗೆ ಬಂದ ಸದಸ್ಯರಲ್ಲಿ ಒಬ್ಬರು, "ಮಾತು ಸರಿ ಇದೆ," ಎಂದರು. ಇನ್ನೊಬ್ಬರು, "ಸಾಹೇಬ್ರು ಸುಳ್ಳು ಹೇಳಿಲ್ಲ," ಎಂದರು.

ಸಾಹೇಬರು ನಿಧಾನವಾಗಿ ನೆಟ್ಟಗಾದರು. ಕೀಲಿಕೈಯನ್ನು ಮತ್ತೆ ಬನಿಯನ್ನಿಗೆ ಸಿಕ್ಕಿಸಿಕೊಂಡರು. "ಕಣ್ಣು ಮಂಜಾಗಿರೋದು ಯಾರಿಗೆ ಡಾಕ್ಟ್ರೇ?" ಎಂದು ಕೇಳಿದಾಗ ಅವರ ದನಿಯಲ್ಲಿ ಹಳೆಯ ಸಿಟ್ಟು ಪೂರ್ತಿ ಮರಳಿತ್ತು.

ಕಿಟಕಿಯ ಪಕ್ಕದಿಂದ ಹೆಂಡತಿ ತಲೆಯೆತ್ತಿ, "ಅಂದ ಹಾಗೆ, ಇದರಲ್ಲಿ ಬೀಗದ ಕವಿತೆ ಇದೆಯಲ್ಲ, ಕೊನೆಗೆ ಆ ಮುದುಕ ಹೊರಗಿನಿಂದ ಬೀಗ ಹಾಕಿಕೊಂಡು ಒಳಗೆ ಹೋಗೋಕೆ ಒದ್ದಾಡ್ತಾನಲ್ಲ, ಅದು ನಿಮಗೆಲ್ಲ ಹೇಗನ್ನಿಸ್ತು?" ಎಂದಳು.

ನಾಲ್ವರು ಸಂಗ್ರಾಹಕರೂ ಏಕಕಾಲಕ್ಕೆ ಗಡಿಯಾರ ನೋಡಿದರು. ಆ ಕವಿತೆಯ ಕೊನೆ ಇದ್ದದ್ದು ಎರಡನೇ ಪುಟದಲ್ಲಿ, ಮಡಿಕೆಯ ಒಳಗೆ. ಡಾಕ್ಟರು ಡಬ್ಬಿ ಮುಚ್ಚಿಕೊಂಡು ಹೊರಟರು. ಹೊಸಿಲು ದಾಟುವಾಗ ಮಾತ್ರ ಒಂದು ಕ್ಷಣ ನಿಂತು, ಏನೋ ಲೆಕ್ಕ ಹಾಕುವವರಂತೆ ಬೂದುರಟ್ಟನ್ನು ಮತ್ತೊಮ್ಮೆ ನೋಡಿದರು. ಅವರ ಬೀರುವಿನಲ್ಲಿ ಅದೇ ಪ್ರಕಾಶಕರ ಪುಸ್ತಕಗಳು ಒಂದು ಸಾಲು ಇದ್ದವು. ಎಲ್ಲವೂ ಅಂಚು ಸೀಳದವು.

ಮಧ್ಯಾಹ್ನ ಊಟವಾದ ಮೇಲೆ ಸಾಹೇಬರ ಮನೆಯ ಫೋನು ಬಡಿದುಕೊಂಡಿತು. ಸಾಹೇಬರು ಎತ್ತಿದರು. ಆ ಕಡೆಯಿಂದ ಮೊದಲು ಹಾಳೆ ತಿರುವುವ ಸದ್ದು ಕೇಳಿಸಿತು.

"ಸಾಹೇಬ್ರೇ," ಎಂದಿತು ಕೊನೆಗೆ ಡಾಕ್ಟರ ದನಿ. "ತಡೆಯೋಕಾಗ್ಲಿಲ್ಲ. ಚಾಕು ತಗೊಂಡೆ."

"ಎಷ್ಟು ಖಾಲಿ?"

"ಮೂರು. ಒಂದರಲ್ಲಿ ಮಡಿಕೆ ಒಳಗೆ ಯಾವುದೋ ಕಂಪನಿಯ ಬೆಲೆಪಟ್ಟಿ ಇದೆ." ಡಾಕ್ಟರು ಗಂಟಲು ಸರಿಮಾಡಿಕೊಂಡರು. "ನಿಮ್ಮ ಭಾವ ನಾಳೆ ಬಿಡುವಾಗಿದಾರಾ? ಅಂಗಡಿಗೆ ನಾನೊಬ್ಬನೇ ಹೋದ್ರೆ ಮಾತಾಡೋಕೆ ಬರಲ್ಲ."

ಸಾಹೇಬರು ಫೋನಿಗೆ ಕೈ ಅಡ್ಡ ಹಿಡಿದು ವಿಷಯ ತಿಳಿಸಿದರು. ಭಾವ ಕುರ್ಚಿಗೆ ಒರಗಿ, ನಾಲಿಗೆಯಿಂದ ಹೊಸ ಹಲ್ಲನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಪರೀಕ್ಷಿಸಿದರು.

"ಬರ್ತೀನಿ ಅನ್ನಿ," ಎಂದರು. "ಆದ್ರೆ ಮೊದಲು ಎಡಗಡೆ ಸರಿಮಾಡಿಕೊಡ್ಲಿ. ಹಲ್ಲು ಕಚ್ತಾ ಇದ್ರೆ ನನಗೆ ಜಗಳ ಆಡೋಕೆ ಆಗಲ್ಲ."